ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು

(ಸಂಘದ ಸಂಸ್ಥಾಪನಾ ದಿನದಂದು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಮಾಡಿದ ಭಾಷಣ)



ವೈದ್ಯರನ್ನು ವೇದಿಕೆಗೆ ಕರೆದರೆ ಊಟಕ್ಕೆ ಮುಂಚೆಯೇ ಪಥ್ಯ ಹೇಳುತ್ತಾರೆಂಬ ಭಯ ನಿಮಗಿರಬಹುದು. ಹೆದರಬೇಡಿ, ಹೋಳಿಗೆಯ ತಂಟೆಗೆ ನಾವು ಹೋಗುವುದಿಲ್ಲ. ಇಂದಿನ ವಿಷಯ ದುಡಿಮೆ ಮತ್ತು ಬಿಡುವು.

ನಾವು ಸೇರಿರುವ ಈ ಸ್ಥಳ ಹಿಂದೆ ಹಡಗುಕಟ್ಟೆಯಾಗಿತ್ತು. ಇಲ್ಲಿನ ವಿಕ್ಟೋರಿಯಾ ಡಾಕ್ 1892ರಲ್ಲಿ ತೆರೆಯಿತು. ಅಂದು ಕೂಲಿಗಳು ಬೆನ್ನ ಮೇಲೆ ಮೂಟೆ ಹೊರುತ್ತಿದ್ದರು. ಇಂದು ಇಲ್ಲಿ ಎತ್ತರದ ಕಚೇರಿಗಳಿವೆ. ಮೂಟೆ ಬೆನ್ನಿನಿಂದ ತಲೆಗೆ ಏರಿದೆ. ಬೆನ್ನಿನ ಮೂಟೆಯನ್ನು ಸಂಜೆ ಇಳಿಸಬಹುದಿತ್ತು. ತಲೆಯ ಮೂಟೆ ನಮ್ಮೊಡನೆ ಮನೆಗೂ ಬರುತ್ತದೆ.

ಇದೇ ಊರಿನಲ್ಲಿ 1856ರ ಏಪ್ರಿಲ್ 21ರಂದು ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಕೆಲಸ ಬಿಟ್ಟು ಮೆರವಣಿಗೆ ಹೊರಟರು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ವಿಶ್ರಾಂತಿ ಎಂಬುದು ಅವರ ಬೇಡಿಕೆ. ಸಂಬಳ ಕಡಿಮೆಯಾಗದಂತೆ ಅದನ್ನು ಪಡೆದರು. ಸಿಡ್ನಿಯ ಕೆಲವು ಕಲ್ಲುಕುಟಿಗರು ಹಿಂದಿನ ವರ್ಷವೇ ಎಂಟು ಗಂಟೆಯ ದಿನವನ್ನು ಗಳಿಸಿದ್ದರು. ಟ್ರೇಡ್ಸ್ ಹಾಲ್ ಎದುರಿನ ಸ್ಮಾರಕದ ಮೇಲೆ ಮೂರು ಎಂಟುಗಳಿವೆ, ಮಕ್ಕಳಿಗೆ ತೋರಿಸಿ.

ಇಲ್ಲಿನ ದೀರ್ಘ ಸೇವಾ ರಜೆ ಹುಟ್ಟಿದ್ದು 19ನೆಯ ಶತಮಾನದಲ್ಲಿ, ಬ್ರಿಟನ್ನಿನಿಂದ ಬಂದ ಸರ್ಕಾರಿ ನೌಕರರು ಹಡಗಿನಲ್ಲಿ ತಮ್ಮ ಊರಿಗೆ ಹೋಗಿ ಬರಲೆಂದು. ಅಂದರೆ, ತೌರು ಬಿಟ್ಟು ಬಂದವರಿಗಾಗಿಯೇ ಹುಟ್ಟಿದ ರಜೆ! ಆದರೂ ನಮ್ಮಲ್ಲಿ ಅನೇಕರು ರಜೆಯನ್ನು ಬ್ಯಾಂಕಿನ ಠೇವಣಿಯಂತೆ ಕೂಡಿಡುತ್ತೇವೆ. ಠೇವಣಿ ಬೆಳೆಯುತ್ತದೆ, ನಿಜ. ಊರಿನಲ್ಲಿ ಕಾಯುತ್ತಿರುವ ತಂದೆತಾಯಿಯರ ವಯಸ್ಸೂ ಬೆಳೆಯುತ್ತದೆ.

ನಮಗೆ ಇನ್ನೊಂದು ತೊಡಕಿದೆ. ಇಲ್ಲಿನ ಗಡಿಯಾರ ಬೆಂಗಳೂರಿಗಿಂತ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿಯೂಟದ ಹೊತ್ತಿಗೆ ಅಲ್ಲಿನ ಕಚೇರಿಯಲ್ಲಿ ಕೆಲಸ ರಂಗೇರಿರುತ್ತದೆ. ತಟ್ಟೆಯ ಪಕ್ಕದಲ್ಲಿ ಫೋನು ಗುಂಯ್‌ಗುಟ್ಟುತ್ತದೆ. ಮಗು ಶಾಲೆಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಅವಧಿ ಮೀರಿದ ಕರೆಗೆ, ನಿರಾಕರಣೆ ಅಸಮಂಜಸವಲ್ಲದಿದ್ದರೆ, ಉತ್ತರಿಸದಿರುವ ಹಕ್ಕನ್ನು ಇಲ್ಲಿನ ಕಾನೂನು 2024ರ ಆಗಸ್ಟ್ 26ರಿಂದ ಕೊಟ್ಟಿದೆ. ಒಂದು ವರ್ಷದ ನಂತರ ಅದು ಸಣ್ಣ ಸಂಸ್ಥೆಗಳಿಗೂ ಅನ್ವಯಿಸಿತು.

ಒತ್ತಡವೆಲ್ಲ ಕೆಟ್ಟದ್ದಲ್ಲ. ಗಂಡಾಂತರ ಎದುರಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಸ್ರವಿಸಿ ಎದೆಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಏರುತ್ತವೆ. ಆಮೇಲೆ ಅವು ಇಳಿಯಬೇಕು. ಇಳಿಯಲು ಬಿಡುವೇ ಸಿಗದಿದ್ದರೆ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿದಂತೆ, ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಸಂಭವ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಸಂಭವ ಶೇ. 17ರಷ್ಟು ಹೆಚ್ಚು. ಮಧುಮೇಹ, ಹೃದ್ರೋಗಗಳು ಭಾರತೀಯರನ್ನು ಬೇಗನೆ ಹಿಡಿಯುತ್ತವೆ ಎಂಬುದನ್ನೂ ಮರೆಯಬಾರದು.

ನಮ್ಮ ಔಷಧಿ ಚೀಟಿ ಚಿಕ್ಕದು. ಏಳು ಗಂಟೆ ನಿದ್ದೆ. ಅದರ ಬೆಲೆ ರೆಸಿಡೆನ್ಸಿಯ ರಾತ್ರಿಗಳು ವೈದ್ಯರಾದ ನಮಗೆ ಚೆನ್ನಾಗಿ ಕಲಿಸಿವೆ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ. ಇಲ್ಲಿಯವರು ಯಾರಾ ದಂಡೆಯಲ್ಲಿ, ಸಿಡ್ನಿಯವರು ಡಾರ್ಲಿಂಗ್ ಹಾರ್ಬರಿನಲ್ಲಿ. ಊಟದ ಮೇಜಿನ ಮೇಲೆ ಫೋನು ಬೇಡ. ಮನೆಗೆಲಸ ಹಂಚಿಕೊಳ್ಳಿ, ಗಂಡಸರ ಬಿಡುವು ಹೆಂಗಸರ ಎರಡನೆಯ ಪಾಳಿಯಾಗಬಾರದು. ಎದೆ ಹಿಂಡಿದಂತಾದರೆ 'ಗ್ಯಾಸ್' ಎಂದು ಸೋಡ ಕುಡಿದು ಕೂರದೆ 000ಗೆ ಫೋನು ಮಾಡಿ. ಎರಡು ವಾರವಾದರೂ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ನಿಮ್ಮ ವೈದ್ಯರಿಗೆ ಹೇಳಿ. ಜ್ವರಕ್ಕೆ ಇಲ್ಲದ ನಾಚಿಕೆ ಇದಕ್ಕೇಕೆ?

ಹಾಡು, ನಾಟಕ, ಕೇರಂ, ಬರಿಯ ಹರಟೆಯಾದರೂ ಸರಿ, ಕನ್ನಡದಲ್ಲಿ ಕೂಡಿ ನಗುವುದಕ್ಕೆ ಈ ಸಂಘವಿದೆ. ಕ್ಯಾಲೆಂಡರಿನಲ್ಲಿ ಕೆಲಸದ ಸಭೆಗಳನ್ನು ಗುರುತಿಸುವ ಹಾಗೆಯೇ ಸಂಘದ ಸಂಜೆಗಳನ್ನೂ ಗುರುತಿಸಿಕೊಳ್ಳಿ. ಊರಿಗೆ ಹೋಗುವ ದಿನಾಂಕವನ್ನು ಈ ವಾರವೇ ಬರೆದಿಡಿ.