ಮೂಳೆಯವರೆಗೆ ಔಷಧಿ ತಲುಪಲಿ



ನಮ್ಮ ಒಂದು ಸಂಘದ ಅಕ್ಕನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಹುಣ್ಣು ಮೂಳೆಯವರೆಗೆ ಇಳಿದಿತ್ತು. ಡಾಕ್ಟರು ಆರು ವಾರ ಮಾತ್ರೆ ತಗೊಳ್ಳಿ ಅಂದಿದ್ದರು. ಹದಿನೈದು ದಿನಕ್ಕೆ ಕೀವು ನಿಂತಿತು. "ವಾಸಿ ಆಯ್ತಲ್ಲಾ ಸಿಸ್ಟರ್, ಸುಮ್ನೆ ದುಡ್ಡು ಯಾಕೆ ಅಂತ ಬಿಟ್ಟೆ" ಅಂದರು. ಎರಡು ತಿಂಗಳಲ್ಲಿ ಮತ್ತೆ ಕೀವು ಬಂತು. ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು.

ಹೀಗೇಕಾಯಿತು? ಮೂಳೆ ಒಣಕಟ್ಟಿಗೆ ಅಲ್ಲ, ಜೀವ ಇರುವ ಅಂಗ. ಮಾತ್ರೆಯಾಗಲಿ, ಇಂಜೆಕ್ಷನ್ ಆಗಲಿ, ರಕ್ತದ ಮೂಲಕವೇ ಅಲ್ಲಿಗೆ ಹೋಗಬೇಕು. ಮೂಳೆಯ ಒಳಭಾಗ ಮೆದು, ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ. ಹೊರಪದರ ಗಟ್ಟಿ, ಅಲ್ಲಿಗೆ ಔಷಧಿ ಸೇರುವುದು ಕಡಿಮೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಹೋದ ಹಾಗೆ! ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ರಕ್ತಸಂಚಾರವೇ ಕಡಿಮೆಯಾಗಿರಬಹುದು. ಸತ್ತುಹೋದ ಮೂಳೆಯ ಚೂರಿಗಂತೂ ರಕ್ತವೇ ಹೋಗುವುದಿಲ್ಲ. ರೋಗಾಣುಗಳು ಅಲ್ಲಿ ಅಡಗಿ ಕೂರುತ್ತವೆ. ಅದಕ್ಕೇ ಕೆಲವರಿಗೆ ಆಪರೇಷನ್ ಮಾಡಿ ಆ ಚೂರನ್ನು ತೆಗೆಯುತ್ತಾರೆ.

ಎಲ್ಲಾ ಔಷಧಿಯೂ ಮೂಳೆಗೆ ಒಂದೇ ರೀತಿ ಇಳಿಯುವುದಿಲ್ಲ. ಪೆನಿಸಿಲಿನ್ ಜಾತಿಯವು ರಕ್ತದಲ್ಲಿರುವುದರ ಸ್ವಲ್ಪ ಪಾಲು ಮಾತ್ರ ಮೂಳೆ ಸೇರುತ್ತವೆ. ಕ್ಲಿಂಡಾಮೈಸಿನ್, ಸಿಪ್ರೊಫ್ಲಾಕ್ಸಸಿನ್‌ನಂಥವು ಹೆಚ್ಚು ಸೇರುತ್ತವೆ. ಆದರೆ ಯಾವ ರೋಗಾಣುವಿಗೆ ಯಾವುದು ಎಂದು ಡಾಕ್ಟರೇ ನೋಡಿ ಕೊಡಬೇಕು. ಪಕ್ಕದ ಮನೆಯವರ ಉಳಿದ ಮಾತ್ರೆ ಖಂಡಿತ ಬೇಡ.

"ಮಾತ್ರೆಗಿಂತ ಇಂಜೆಕ್ಷನ್ನೇ ಜೋರು" ಅಂತೀರಲ್ಲ, ಅದೂ ಪೂರ್ತಿ ಸರಿಯಲ್ಲ. ಬ್ರಿಟನ್ನಿನಲ್ಲಿ ಮೂಳೆ ಮತ್ತು ಕೀಲಿನ ಸೋಂಕಿನ 1054 ರೋಗಿಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಆರು ವಾರ ತಕ್ಕ ಮಾತ್ರೆ ಕೊಟ್ಟರೂ ಇಂಜೆಕ್ಷನ್ನಿನಷ್ಟೇ ಗುಣ ಕಂಡಿತು. ಆದರೆ ತಪ್ಪದೆ ನುಂಗಬೇಕು ಅಷ್ಟೆ.

ಮೇಲಿನ ಚರ್ಮ ಮುಚ್ಚಿದ ಮಾತ್ರಕ್ಕೆ ಒಳಗಿನ ಮೂಳೆ ವಾಸಿಯಾಯಿತು ಎಂದಲ್ಲ. ನೆನಪಿಡಿ:

• ಸಕ್ಕರೆ ಕಾಯಿಲೆ ಇರುವವರು ದಿನಾ ಪಾದ ನೋಡಿಕೊಳ್ಳಿ. ಹುಣ್ಣು ಕಂಡರೆ ಸೊಪ್ಪು ಅರೆದು ಕಟ್ಟಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.
• ಎಷ್ಟು ವಾರ ಔಷಧಿ ಎಂದು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
• ವಾಂತಿ, ಭೇದಿ, ಮೈ ತುರಿಕೆ ಬಂದರೆ ನೀವೇ ನಿಲ್ಲಿಸಬೇಡಿ, ಕೂಡಲೇ ಡಾಕ್ಟರಿಗೆ ಹೇಳಿ.
• ದುಡ್ಡಿಲ್ಲವೆಂದು ಯಾರೂ ಮಾತ್ರೆ ಬಿಡದ ಹಾಗೆ ಸಂಘದಿಂದ ಸಾಲ ಕೊಡಿ.

ಆ ಅಕ್ಕ ನಮ್ಮನ್ನು ಒಂದು ಮಾತು ಕೇಳಿದ್ದರೆ ಆ ಬೆರಳು ಉಳಿಯುತ್ತಿತ್ತೇನೋ. ಇನ್ನು ಮುಂದೆ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆ, "ಮಾತ್ರೆ ತಗೊಂಡ್ರಾ?" ಅಂತಲೂ ಕೇಳೋಣ, ಆಗಬಹುದಾ?