ಅಮ್ಮನ ಬಿ.ಪಿ. ಮತ್ತು ಡೈರಿಯ ಪಾಸ್‌ಬುಕ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಇದೇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ನಾನು ಈಗ ಬೆಂಗಳೂರಿನಲ್ಲಿ ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ರೋಗಿ ಮನೆಯಲ್ಲೇ ಇರುತ್ತಾರೆ, ಅವರ ಬಿ.ಪಿ., ಸಕ್ಕರೆ, ಎದೆಬಡಿತದ ಅಳತೆ ಮೊಬೈಲ್ ಮೂಲಕ ಡಾಕ್ಟರಿಗೆ ತಲುಪುತ್ತದೆ. ಅದನ್ನು ಯಾರೂ ಕದಿಯದಂತೆ, ತಿದ್ದದಂತೆ ಕಾಯುವುದು ನಮ್ಮ ಕೆಲಸ.

ಈ ಭಯ ಸುಳ್ಳಲ್ಲ. 2017ರಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆ, ಅಲ್ಲಿನ ಸುಮಾರು 4,65,000 ಪೇಸ್‌ಮೇಕರ್‌ಗಳಲ್ಲಿ ಹೊರಗಿನವರು ಕೈಯಾಡಿಸಬಹುದಾದ ದೋಷವಿದೆ ಎಂದು ಎಚ್ಚರಿಸಿತು. ಯಾರಿಗೂ ತೊಂದರೆಯಾದ ವರದಿ ಇರಲಿಲ್ಲ. ಆದರೂ ಸಾಫ್ಟ್‌ವೇರ್ ಸರಿಪಡಿಸಬೇಕಾಯಿತು.

ದಾಖಲೆ ಕಾಯಲು ಈಗ ಬ್ಲಾಕ್‌ಚೈನ್ ಎಂಬ ವಿಧಾನವಿದೆ. ಅದೇನೆಂದು ತಿಳಿಯಲು ನಮ್ಮ ಹಾಲಿನ ಡೈರಿಯನ್ನು ನೆನಪಿಸಿಕೊಳ್ಳಿ. ಲೀಟರು, ಫ್ಯಾಟು ಡೈರಿಯ ಪುಸ್ತಕದಲ್ಲೂ ಇರುತ್ತದೆ, ನಿಮ್ಮ ಪಾಸ್‌ಬುಕ್ಕಿನಲ್ಲೂ ಇರುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಬ್ಲಾಕ್‌ಚೈನಿನಲ್ಲಿ ಒಂದೇ ಲೆಕ್ಕ ಹಲವು ಕಂಪ್ಯೂಟರುಗಳಲ್ಲಿರುತ್ತದೆ. ಜೊತೆಗೆ ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತಿರುತ್ತದೆ. ಹಳೆಯ ಪುಟದಲ್ಲಿ ಒಂದು ಅಂಕಿ ಬದಲಿಸಿದರೂ ಆ ಗುರುತು ತಾಳೆಯಾಗುವುದಿಲ್ಲ. ಅದರಲ್ಲಿ ಬರೆದದ್ದನ್ನು ಅಳಿಸಲಾಗದು. ಆದ್ದರಿಂದ ರೋಗಿಯ ಹೆಸರು, ಕಾಯಿಲೆಯ ವಿವರಗಳನ್ನು ಬೇರೆಡೆ ಭದ್ರವಾಗಿಟ್ಟು, ಇಲ್ಲಿ ಗುರುತನ್ನು ಮಾತ್ರ ದಾಖಲಿಸಬೇಕು.

ಇಷ್ಟೆಲ್ಲ ತಿಳಿದ ನಾನು ನಮ್ಮ ಮನೆಯಲ್ಲೇ ಎಡವಿದೆ. ಅಮ್ಮನಿಗೆ ಇಂಥದೇ ಬಿ.ಪಿ. ಯಂತ್ರ ತಂದುಕೊಟ್ಟಿದ್ದೆ. ಎರಡು ವಾರ ಅಳತೆ ಚೆನ್ನಾಗಿಯೇ ಬಂತು, ನಾನು ನಿಶ್ಚಿಂತನಾಗಿದ್ದೆ. ಒಂದು ಬೆಳಿಗ್ಗೆ ಅಮ್ಮ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. 190 ಇತ್ತು.

ವಿಚಾರಿಸಿದಾಗ ಅಮ್ಮ ಮೆಲ್ಲಗೆ ಹೇಳಿದರು: “ಪಟ್ಟಿ ಬಿಗಿದ್ರೆ ಕೈ ನೋಯುತ್ತಪ್ಪ. ನೋಡ್ಕೊಳ್ಳದಿದ್ರೆ ನೀನು ಫೋನಲ್ಲಿ ರೇಗ್ತೀಯ. ಅದಕ್ಕೇ ಪಕ್ಕದ ಮನೆ ಹುಡುಗಿ ಕೈಗೆ ಕಟ್ತಿದ್ದೆ.”

ಬ್ಲಾಕ್‌ಚೈನ್ ಇದ್ದಿದ್ದರೆ ಆ ಹುಡುಗಿಯ ಬಿ.ಪಿ.ಯನ್ನೇ ಅಮ್ಮನದೆಂದು ಭದ್ರವಾಗಿ ಕಾಪಾಡುತ್ತಿತ್ತು! ಡೈರಿಯಲ್ಲಿ ಅಳತೆಯೇ ತಪ್ಪಿದರೆ ಎರಡು ಪುಸ್ತಕದಲ್ಲೂ ಅದೇ ತಪ್ಪು ತಾನೇ?

ಊರಿನಲ್ಲಿರುವ ತಂದೆ-ತಾಯಿಗೆ ಇಂಥ ಯಂತ್ರ ತರುವ ಗೆಳೆಯರಿಗೆ ನನ್ನ ವಿನಂತಿ ಇಷ್ಟೇ. ಆ್ಯಪ್‌ಗೆ ಬೇರೆಯವರು ಊಹಿಸಲಾಗದ ಪಾಸ್‌ವರ್ಡ್ ಇಡಿ. ಅಪ್‌ಡೇಟ್ ಬಂದರೆ ಮುಂದೂಡಬೇಡಿ. ಎಲ್ಲಕ್ಕಿಂತ ಮೊದಲು, ಪಕ್ಕದಲ್ಲಿ ಕೂತು ಪಟ್ಟಿ ಕಟ್ಟುವುದನ್ನು ಕಲಿಸಿ. ನೋವಾಗುತ್ತದೆಯೇ ಎಂದು ಕೇಳಿ.

ಅಮ್ಮ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಇವತ್ತು ಬೆಳಿಗ್ಗೆ ಪಟ್ಟಿಯನ್ನು ನಾನೇ ಕಟ್ಟಿ ನೋಡಿ ಬಂದಿದ್ದೇನೆ.