ವಂಶಾವಳಿಯ ಆಚೆಗೆ

(ಆಕಾಶವಾಣಿಯ ಕೃಪೆಯಿಂದ)



ಶಿವನಿಯ ನಮ್ಮ ಮನೆಯಲ್ಲಿ ತಾತನವರು ಬರೆದಿಟ್ಟ ವಂಶಾವಳಿಯೊಂದಿದೆ. ಒಂಬತ್ತು ತಲೆಮಾರುಗಳು, ನೆತ್ತಿಯಲ್ಲಿ 'ಮೂಲಪುರುಷ' ಎಂದು ಒಂದು ಹೆಸರು. ಅದನ್ನು ನೋಡಿದ ಮೊಮ್ಮಗಳು, "ಇವರ ಅಪ್ಪ ಯಾರು, ತಾತ?" ಎಂದಳು. ಹಲ್ಮಿಡಿ ಶಾಸನದಿಂದಲೇ ಪಾಠವನ್ನಾರಂಭಿಸುತ್ತಿದ್ದ ಕನ್ನಡ ಅಧ್ಯಾಪಕನಾದ ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಕಹೊರಟಾಗ ಮೊದಲ ಸುಳಿವು ನೆರೆಯಲ್ಲಿಯೇ ದೊರೆಯಿತು. ನಮ್ಮ ತರೀಕೆರೆ ಸೀಮೆಯ ಲಿಂಗದಹಳ್ಳಿಯಲ್ಲಿ ಹಳೆಯ ಶಿಲಾಯುಗದ ಕಲ್ಲಾಯುಧಗಳು ಸಿಕ್ಕಿವೆ. ಅವುಗಳ ಕಾಲದ ಆಳವನ್ನರಿಯಲು ಮಾತ್ರ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಗೆ ಹೋಗಬೇಕು. ಅಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದರು. ಸುಣ್ಣಕಲ್ಲಿನ ಚಪ್ಪಡಿಗಳು, ಬಡಿಗಲ್ಲುಗಳು, ಚಕ್ಕೆಗಳು, ಅರೆಬರೆ ಕೈಗೊಡಲಿಗಳು ಕೆಲಸ ನಡೆದೆಡೆಯಲ್ಲೇ ಬಿದ್ದಿದ್ದವು. ಪ್ರಾಣಿಗಳ ಹಲ್ಲಿನ ಹೊರಕವಚವನ್ನು ಪರೀಕ್ಷಿಸಿ ಆ ನೆಲೆಗೆ ಸುಮಾರು 12 ಲಕ್ಷ ವರ್ಷವೆಂದು ಗಣಿಸಿದ್ದಾರೆ. ತಲೆಮಾರಿಗೆ 25 ವರ್ಷವೆಂದರೂ 48,000 ತಲೆಮಾರುಗಳಾದವು!

ಹಾಗಾದರೆ ಆ ಶಿಲ್ಪಿಯೇ ನಮ್ಮ ಮೂಲಪುರುಷನೆ? ಹಾಗೆನ್ನುವಂತಿಲ್ಲ. ಅಲ್ಲಿ ಅವನ ಎಲುಬು ದೊರೆತಿಲ್ಲ, ಕೈಕೆಲಸವಷ್ಟೇ ಉಳಿದಿದೆ. ನಮ್ಮ ಮಾನವಕುಲ ಆಫ್ರಿಕದಲ್ಲಿ ಮೈದಳೆದು ಸುಮಾರು 3 ಲಕ್ಷ ವರ್ಷಗಳಾದವು. ಇಸಾಂಪುರದವನು ಅದಕ್ಕೂ ಹಿಂದಿನ ಬೇರೊಂದು ಮಾನವಜಾತಿಯವನು. ಈ ನೆಲದಲ್ಲಿ ನಾವೇ ಮೊದಲಿಗರೆಂದು ಬೀಗುವವರೆಲ್ಲರೂ, ನಾನೂ ಸೇರಿ, ತಡವಾಗಿ ಬಂದವರೇ.

ಕಲ್ಲು ಹೇಳದ ನಂಟನ್ನು ರಕ್ತ ಹೇಳುತ್ತದೆ. ನಮ್ಮ ಜೀವಕೋಶಗಳಲ್ಲಿ ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿದುಬರುವ ಡಿಎನ್‌ಎಯ ಒಂದು ಎಳೆಯಿದೆ. 1987ರಲ್ಲಿ ಅಮೆರಿಕದ ವಿಜ್ಞಾನಿಗಳು ನಾನಾ ಜನಾಂಗಗಳ 147 ಮಂದಿಯಲ್ಲಿ ಆ ಎಳೆಯನ್ನು ಹಿಡಿದು ಹಿಂದಕ್ಕೆ ಸಾಗಿದರು. ಎಳೆಗಳೆಲ್ಲ ಸುಮಾರು 2 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ಹೆಣ್ಣಿನಲ್ಲಿ ಕೂಡಿದವು. ಅಂದು ಇದ್ದವಳು ಅವಳೊಬ್ಬಳೇ ಎಂದಲ್ಲ. ಕಡಿಯದೆ ನಮ್ಮವರೆಗೆ ಬಂದ ತಾಯಿಬಳ್ಳಿ ಅವಳದು. ನಮ್ಮ ಬಳ್ಳಿಯೂ ನೆರೆಮನೆಯ ಬಳ್ಳಿಯೂ ಅಲ್ಲಿ ಒಂದೇ.

ಇಷ್ಟನ್ನು ಮೊಮ್ಮಗಳಿಗೆ ವಿವರಿಸಿದೆ. ಅವಳು ಮತ್ತೆ ಹಾಳೆಯನ್ನು ನೋಡಿ, "ಇದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲವಲ್ಲ" ಎಂದಳು. ನಿಜ; ಇಷ್ಟು ವರ್ಷ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಲೇಖನಿ ತೆಗೆದು ಅವಳ ಹೆಸರನ್ನು, ನನ್ನ ಮಡದಿಯ, ತಾಯಿಯ, ಅಜ್ಜಿಯ ಹೆಸರುಗಳನ್ನು ಬರೆದೆ. ಅಜ್ಜಿಯ ತಾಯಿಯ ಹೆಸರು ನನಗೆ ತಿಳಿಯದು. ಕೇಳೋಣವೆಂದರೆ ಬಲ್ಲವರು ಯಾರೂ ಉಳಿದಿಲ್ಲ. ನಿಮ್ಮ ಮನೆಗಳಲ್ಲಿ ಬಲ್ಲವರಿದ್ದರೆ ಇಂದೇ ಕೇಳಿ ಬರೆದಿಟ್ಟುಕೊಳ್ಳಿರಿ.